ಬೀಡಿಗೆ ಬೆಸುಗೆ ಹಾಕಿದರೆ ಪಕ್ಕದಲ್ಲೇ ಯಾಕೆ ಒಡೆಯುತ್ತದೆ?

ಓದುಗರ ಪ್ರಶ್ನೆ, ವರ್ಕ್‌ಶಾಪ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಬೀಡು ಕಬ್ಬಿಣದ ಬಗ್ಗೆಯೇ ಇವೆ. ಕಾಸ್ಟ್ ಐರನ್, ಸಿಐ, ಕಾಸ್ಟಿಂಗ್ ಅಂತ ಒಬ್ಬೊಬ್ಬರು ಒಂದೊಂದು ಹೆಸರಲ್ಲಿ ಬರೆದಿದ್ದಾರೆ. ಮೊದಲ ಪತ್ರಕ್ಕೆ ಉದ್ದ ಉತ್ತರ ಕೊಟ್ಟಿದ್ದೇನೆ. ಉಳಿದವರೂ ಅದನ್ನು ಓದಿಯೇ ಮುಂದಕ್ಕೆ ಹೋಗಿ.

ಪ್ರಶ್ನೆ: ಸಾರ್, ನಮ್ಮದು ಮಂಡ್ಯದ ಹತ್ತಿರ ಆಲೆಮನೆ. ಕಬ್ಬಿನ ಜೊತೆ ಒಂದು ಬೋಲ್ಟ್ ಗಾಣದೊಳಕ್ಕೆ ಹೋಗಿ, ಬೇರಿಂಗ್ ಕೂರುವ ಕಡೆ ಸೈಡ್ ಫ್ರೇಮು ಒಂದು ಗೇಣುದ್ದ ಬಿರುಕು ಬಿಟ್ಟಿತು. ಬೀಡಿನ ಫ್ರೇಮು, ಒಂದಿಂಚು ದಪ್ಪ. ಊರಿನ ವೆಲ್ಡರ್ ಹತ್ತಿರ ಬೆಸುಗೆ ಹಾಕಿಸಿದೆವು, ನೋಡಲು ಗಟ್ಟಿಯಾಗಿಯೇ ಇತ್ತು. ನಾಲ್ಕೇ ದಿನಕ್ಕೆ ಬೆಸುಗೆಯ ಪಕ್ಕದಲ್ಲೇ, ಅದರ ಅಂಚಿಗೆ ಅಂಟಿಕೊಂಡ ಹಾಗೆ, ಉದ್ದಕ್ಕೂ ಹೊಸ ಬಿರುಕು. ಮತ್ತೆ ಹಾಕಿಸಿದೆವು, ಮತ್ತೆ ಅದೇ ಆಯಿತು. ವೆಲ್ಡರ್ ತಪ್ಪಾ, ರಾಡ್ ತಪ್ಪಾ, ಇಲ್ಲ ಬೀಡಿಗೆ ಬೆಸುಗೆ ನಿಲ್ಲುವುದೇ ಇಲ್ವಾ?

ಉತ್ತರ: ನಿಲ್ಲುತ್ತದೆ. ಆದರೆ ಗೇಟು, ಗ್ರಿಲ್ಲಿಗೆ ಹಾಕಿದ ಹಾಗೆ ಹಾಕಿದರೆ ನಿಲ್ಲುವುದಿಲ್ಲ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಆ ‘ಪಕ್ಕದಲ್ಲೇ’ ಅನ್ನುವುದು. ಎಷ್ಟೋ ಜನ ಅದನ್ನು ಗಮನಿಸುವುದಿಲ್ಲ, ಬೆಸುಗೆ ಬಿಟ್ಟುಕೊಂಡಿತು ಅಂದುಕೊಂಡು ಕರೆಂಟ್ ಜಾಸ್ತಿ ಮಾಡಿ, ಇನ್ನೂ ನಾಲ್ಕು ರಾಡ್ ಸುರಿದು, ಬೆಸುಗೆಯನ್ನೇ ದಪ್ಪ ಮಾಡುತ್ತಾರೆ. ನಿಮ್ಮ ಬೆಸುಗೆಗೆ ಏನೂ ಆಗಿಲ್ಲ. ಒಡೆದದ್ದು ಅದಕ್ಕೆ ತಾಗಿಕೊಂಡ ಬೀಡು.

ಯಾಕೆ ಅಂತ ಹೇಳುತ್ತೇನೆ, ಇದು ಅರ್ಥವಾದರೆ ಮುಂದಿನದ್ದೆಲ್ಲ ಸಲೀಸು. ನಾವು ಎಂ.ಎಸ್. ಅನ್ನುವ ಸಾದಾ ಕಬ್ಬಿಣದಲ್ಲಿ ಇಂಗಾಲ ಶೇ. 0.25ರಷ್ಟೂ ಇರುವುದಿಲ್ಲ. ಬೀಡಿನಲ್ಲಿ ಶೇ. 2.5ರಿಂದ 4ರವರೆಗೆ ಇರುತ್ತದೆ. ಅದರಲ್ಲಿ ಹೆಚ್ಚಿನದು ಗ್ರಾಫೈಟ್ ಆಗಿ, ತೆಳ್ಳನೆ ಪೊರೆಗಳ ಹಾಗೆ ಒಳಗೆಲ್ಲ ಹರಡಿಕೊಂಡಿರುತ್ತದೆ. ಬೀಡನ್ನು ಅರದಿಂದ ಉಜ್ಜಿದರೆ ಬೆರಳಿಗೆ ಪೆನ್ಸಿಲ್ ಹಾಗೆ ಕಪ್ಪು ಹತ್ತುತ್ತದಲ್ಲ, ಅದೇ ಇದು. ಬೆಸುಗೆಯ ಶಾಖಕ್ಕೆ ಅಂಚಿನ ಬೀಡು ಕರಗಿದಾಗ ಈ ಗ್ರಾಫೈಟ್ ಕಬ್ಬಿಣದೊಳಗೆ ಬೆರೆತುಹೋಗುತ್ತದೆ. ನಿಧಾನವಾಗಿ ಆರಿದ್ದರೆ ಅದು ಮತ್ತೆ ಗ್ರಾಫೈಟ್ ಆಗಿ ಬೇರೆಯಾಗುತ್ತಿತ್ತು. ಆದರೆ ಸುತ್ತ ಇರುವುದು ಒಂದಿಂಚು ದಪ್ಪದ ತಣ್ಣನೆ ಬೀಡು. ಅದು ಶಾಖವನ್ನು ಕೆಲವೇ ಸೆಕೆಂಡಿನಲ್ಲಿ ಎಳೆದುಕೊಂಡುಬಿಡುತ್ತದೆ. ಇಂಗಾಲಕ್ಕೆ ಬೇರೆಯಾಗಲು ಪುರುಸೊತ್ತು ಸಿಗುವುದಿಲ್ಲ, ಅಲ್ಲೇ ಸಿಕ್ಕಿಕೊಳ್ಳುತ್ತದೆ, ಗಾಜಿನಷ್ಟು ಗಟ್ಟಿ ಮತ್ತು ಗಾಜಿನ ಹಾಗೇ ಒಡೆಯುವ ಒಂದು ತೆಳು ಪದರ ಬೆಸುಗೆಯ ಉದ್ದಕ್ಕೂ ಉಳಿಯುತ್ತದೆ.

ಅಷ್ಟೇ ಆಗಿದ್ದರೂ ತಡೆದುಕೊಳ್ಳಬಹುದಿತ್ತು. ಬೆಸುಗೆ ಆರುವಾಗ ಕುಗ್ಗುತ್ತದೆ, ಎರಡೂ ಕಡೆಯ ಲೋಹವನ್ನು ತನ್ನ ಕಡೆಗೆ ಎಳೆಯುತ್ತದೆ. ಸಾದಾ ಕಬ್ಬಿಣವಾದರೆ ಸ್ವಲ್ಪ ಜಗ್ಗಿಕೊಟ್ಟು ಸುಮ್ಮನಾಗುತ್ತದೆ. ಬೀಡಿಗೆ ಜಗ್ಗುವ ಗುಣ ಇಲ್ಲ, ಶೇ. 1ರಷ್ಟು ಉದ್ದವಾಗುವ ಮೊದಲೇ ತುಂಡಾಗುತ್ತದೆ. ಆ ಎಳೆತಕ್ಕೆ ಸಿಗುವ ಅತಿ ದುರ್ಬಲ ಜಾಗ ಯಾವುದು? ಆ ಗಾಜಿನಂಥ ಪದರವೇ. ಕೆಲವು ಸಲ ಬೆಸುಗೆ ಹಾಕಿ ತಿರುಗುವಷ್ಟರಲ್ಲಿ ‘ಟಿಣ್’ ಅಂತ ಸದ್ದು ಬರುತ್ತದೆ. ನಾನು ಕೆಲಸ ಕಲಿಯುವಾಗ ಒಂದು ಪಂಪಿನ ಕಾಲಿಗೆ ಸಂಜೆ ಬೆಸುಗೆ ಹಾಕಿ, ಬಿಸಿ ಇರುವಾಗಲೇ ಸಿಮೆಂಟ್ ನೆಲದ ಮೇಲೆ ಇಟ್ಟು ಕೈ ತೊಳೆಯಲು ಹೋಗಿದ್ದೆ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಆ ಪಂಪು ಒಬ್ಬ ರೈತರದ್ದು, ಬೆಳಗ್ಗೆ ಅವರಿಗೆ ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆ.

ಹಾಗಾದರೆ ಮಾಡುವುದೇನು? ದಾರಿ ಎರಡೇ. ಒಂದೋ ಪೂರ್ತಿ ಬಿಸಿ, ಇಲ್ಲವೇ ಪೂರ್ತಿ ತಣ್ಣಗೆ. ಇಡೀ ಕಾಸ್ಟಿಂಗನ್ನು ಸಮವಾಗಿ ಕಾಯಿಸಿ, ಬಿಸಿಯಲ್ಲೇ ಬೆಸುಗೆ ಮುಗಿಸಿ, ಬೂದಿಯಲ್ಲಿ ಹೂತು ಒಂದು ದಿನ ಆರಲು ಬಿಡಬೇಕು. ಇಲ್ಲವಾದರೆ ಕಾಸ್ಟಿಂಗು ಬಿಸಿಯೇ ಆಗದ ಹಾಗೆ, ಚೂರು ಚೂರೇ ಹಾಕಿ, ಪ್ರತಿ ಚೂರೂ ಆರುವವರೆಗೆ ಕಾಯಬೇಕು. ನಡುವಿನ ದಾರಿ ಇಲ್ಲ. ಬಿರುಕಿನ ಸುತ್ತ ಮಾತ್ರ ಟಾರ್ಚ್ ಹಿಡಿದು ಕೆಂಪಗೆ ಮಾಡಿ, ಉದ್ದಕ್ಕೆ ಬೆಸುಗೆ ಎಳೆದು, ಬಯಲಲ್ಲಿ ಬಿಟ್ಟರೆ ಎರಡೂ ದಾರಿಯ ಕೆಟ್ಟದ್ದು ಒಟ್ಟಿಗೆ ಬರುತ್ತದೆ.

ನಿಮ್ಮ ಫ್ರೇಮಿಗೆ ನಾನು ತಣ್ಣನೆ ದಾರಿಯನ್ನೇ ಹೇಳುತ್ತೇನೆ. ಅಷ್ಟು ದೊಡ್ಡ ಫ್ರೇಮನ್ನು ಸಮವಾಗಿ 300 ಡಿಗ್ರಿಗೆ ಕಾಯಿಸಿ ಹಿಡಿಯುವುದು ಕುಲುಮೆ ಇಲ್ಲದೆ ಆಗುವ ಕೆಲಸ ಅಲ್ಲ, ಬೇರಿಂಗ್ ಕೂರುವ ಜಾಗ ಸೊಟ್ಟಗಾದರೆ ಇನ್ನೊಂದು ಗೋಳು.

ಮೊದಲು ಹಳೇ ಬೆಸುಗೆ ಪೂರ್ತಿ ತೆಗೆಸಿ. ಅದರ ಮೇಲೇ ಹಾಕಿದರೆ ಪ್ರಯೋಜನವಿಲ್ಲ. ಎರಡೂ ಕಡೆ ಮೂರು ಮಿಲಿಮೀಟರ್ ಬೀಡನ್ನೂ ಸೇರಿಸಿ ಗ್ರೈಂಡರ್‌ನಿಂದ ತೆಗೆಯಬೇಕು, ಆ ಗಟ್ಟಿ ಪದರ ಹೋಗಬೇಕಲ್ವಾ. ಆಮೇಲೆ ಬಿರುಕಿನ ತುದಿ ಹುಡುಕಿ. ಕಣ್ಣಿಗೆ ಕಂಡದ್ದೇ ತುದಿ ಅಂದುಕೊಳ್ಳಬೇಡಿ. ಸೀಮೆಎಣ್ಣೆ ಸಿಕ್ಕರೆ ಅದು, ಇಲ್ಲದಿದ್ದರೆ ಡೀಸೆಲ್ ಸವರಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಚಾಕ್‌ಪೀಸ್ ಪುಡಿ ಉಜ್ಜಿ. ಬಿರುಕಿನೊಳಗೆ ಕೂತ ಎಣ್ಣೆ ಪುಡಿಗೆ ಇಳಿದು ಗೆರೆ ಕಾಣುತ್ತದೆ. ಕೆಂಪು ಬಣ್ಣ ಬಿಟ್ಟು ಬಿಳಿ ಸ್ಪ್ರೇ ಹೊಡೆಯುವ ಡೈ ಪೆನೆಟ್ರೆಂಟ್ ಸಿಕ್ಕರೆ ಇನ್ನೂ ಒಳ್ಳೆಯದು. ತುದಿ ಗೊತ್ತಾದ ಮೇಲೆ ಅದರಿಂದ ಸ್ವಲ್ಪ ಮುಂದಕ್ಕೆ, ಎರಡೂ ಕೊನೆಯಲ್ಲಿ, ಐದಾರು ಮಿಲಿಮೀಟರ್ ತೂತು ಹಾಕಿ. ಚೂಪಾದ ತುದಿ ಇರುವವರೆಗೆ ಬಿರುಕು ಮುಂದಕ್ಕೆ ಓಡುತ್ತಲೇ ಇರುತ್ತದೆ, ದುಂಡನೆ ತೂತಿಗೆ ಬಂದರೆ ನಿಲ್ಲುತ್ತದೆ. ತೂತು ಹಾಕದೆ ಬಿರುಕನ್ನು ಕೊರೆಯಲು ಗ್ರೈಂಡರ್ ಹಿಡಿಯಬೇಡಿ, ಆ ಬಿಸಿಗೇ ಬಿರುಕು ಇನ್ನೊಂದು ಬೆರಳುದ್ದ ಬೆಳೆದುಬಿಡಬಹುದು.

ಬಿರುಕಿನ ಉದ್ದಕ್ಕೂ ವಿ ಆಕಾರದಲ್ಲಿ ಕೊರೆಯಿರಿ, 60ರಿಂದ 90 ಡಿಗ್ರಿ ಅಗಲ. ಫ್ರೇಮಿನ ಎರಡೂ ಮುಖಕ್ಕೆ ಕೈ ಹೋಗುವುದಾದರೆ ಎರಡೂ ಕಡೆಯಿಂದ ಅರ್ಧರ್ಧ ಕೊರೆದರೆ ರಾಡ್ ಉಳಿಯುತ್ತದೆ, ಎಳೆತವೂ ಸಮ ಆಗುತ್ತದೆ. ಬಿರುಕಿನೊಳಗೆ ಬೇರಿಂಗಿನ ಗ್ರೀಸು, ಕಬ್ಬಿನ ಹಾಲು ಎರಡೂ ಇಳಿದಿರುತ್ತದೆ. ಗ್ಯಾಸ್ ಟಾರ್ಚನ್ನು ದೂರ ಹಿಡಿದು, ಅಗಲವಾಗಿ ಆಡಿಸುತ್ತಾ, ಹೊಗೆ ನಿಲ್ಲುವವರೆಗೆ ಮೆಲ್ಲಗೆ ಕಾಯಿಸಿ, ತಾನಾಗಿ ಆರಲು ಬಿಡಿ. ನೀರು ಮುಟ್ಟಿಸಬೇಡಿ. ಆಮೇಲೆ ವೈರ್ ಬ್ರಷ್. ಇಷ್ಟಾದರೂ ಮೊದಲ ಗೆರೆಯಲ್ಲಿ ಗುಳ್ಳೆ ಗುಳ್ಳೆ ಬಂದರೆ ಅದನ್ನು ತೆಗೆದುಹಾಕಿ ಮತ್ತೆ ಹಾಕಿ. ಹಳೇ ಬೀಡು ಎಣ್ಣೆ ಕುಡಿದಿರುತ್ತದೆ, ಒಂದೇ ಸಲಕ್ಕೆ ಬಿಡುವುದಿಲ್ಲ.

ರಾಡ್ ವಿಷಯಕ್ಕೆ ಬರುತ್ತೇನೆ. ನಿಮಗೆ ಹಾಕಿದ್ದು ಬಹುಶಃ 6013, ಎಲ್ಲ ಅಂಗಡಿಯಲ್ಲೂ ಸಿಗುವ ಸಾದಾ ರಾಡ್. ಅದು ಬೀಡಿನಿಂದ ಇಂಗಾಲ ಎಳೆದುಕೊಂಡು ತಾನೂ ಗಟ್ಟಿಯಾಗುತ್ತದೆ. ನಿಮಗೆ ಬೇಕಾದ್ದು ನಿಕಲ್-ಐರನ್ ರಾಡ್, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನಿಕಲ್, ಉಳಿದದ್ದು ಕಬ್ಬಿಣ. ಪ್ಯಾಕೆಟ್ ಮೇಲೆ ಇಎನ್‌ಐಎಫ್‌ಇ-ಸಿಐ ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ನಿಕಲ್ ಇಂಗಾಲದ ಜೊತೆ ಸೇರಿ ಗಟ್ಟಿ ಪದಾರ್ಥ ಆಗುವುದಿಲ್ಲ, ಮೆತ್ತಗೇ ಇರುತ್ತದೆ, ಕುಗ್ಗುವಾಗ ತಾನೇ ಜಗ್ಗಿಕೊಡುತ್ತದೆ. ದುಬಾರಿ ನಿಜ. ಆದರೆ ನೀವು ಈಗಾಗಲೇ ಎರಡು ಸಲ ಕೂಲಿ ಕೊಟ್ಟು, ಎರಡು ಸಲ ಗಾಣ ನಿಲ್ಲಿಸಿದ್ದೀರಿ.

2.5 ಅಥವಾ 3.15 ಮಿಲಿಮೀಟರ್ ರಾಡ್ ಸಾಕು. ಕರೆಂಟ್ ರಾಡ್ ಕರಗುವಷ್ಟು ಮಾತ್ರ, 3.15ಕ್ಕೆ ಸುಮಾರು 80ರಿಂದ 100 ಆಂಪ್ಸ್. ಒಂದು ಸಲಕ್ಕೆ ಒಂದಿಂಚು, ಅಷ್ಟೇ. ಆರ್ಕ್ ಬಿಟ್ಟ ತಕ್ಷಣ, ಕೆಂಪು ಆರುವ ಮೊದಲೇ, ದುಂಡು ತಲೆಯ ಚಿಕ್ಕ ಸುತ್ತಿಗೆಯಿಂದ ಆ ಗೆರೆಯ ಮೇಲೆಲ್ಲ ಹಗುರವಾಗಿ ಬಡಿಯಿರಿ. ಕುಗ್ಗಲು ಹೊರಟ ಬೆಸುಗೆಯನ್ನು ಸುತ್ತಿಗೆ ಹಿಗ್ಗಿಸುತ್ತದೆ, ಎಳೆತ ಅಲ್ಲೇ ತೀರುತ್ತದೆ. ಬಡಿಯುವುದು ಬೆಸುಗೆಯನ್ನು, ಬೀಡನ್ನಲ್ಲ. ಆಮೇಲೆ ಕಾಯಿರಿ. ಬರಿಗೈ ಇಟ್ಟು ಹಾಗೇ ಹಿಡಿದುಕೊಂಡಿರಲು ಆಗಬೇಕು, ಅಲ್ಲಿಯವರೆಗೆ ಇನ್ನೊಂದು ಚೂರು ಹಾಕುವಂತಿಲ್ಲ. ಮುಂದಿನ ಚೂರು ಅದರ ಪಕ್ಕದಲ್ಲೇ ಬೇಡ, ದೂರದ ಇನ್ನೊಂದು ಜಾಗದಲ್ಲಿ ಹಾಕಿ, ಆಮೇಲೆ ನಡುವಿನದ್ದು ತುಂಬಿ. ಮೊದಲು ವಿ ಗುಂಡಿಯ ಎರಡೂ ಗೋಡೆಗೆ ಒಂದೊಂದು ಪದರ ನಿಕಲ್ ಲೇಪಿಸಿ, ಕೊನೆಗೆ ನಡುವೆ ಕೂಡಿಸಿದರೆ ಇನ್ನೂ ಒಳ್ಳೆಯದು, ಕೂಡಿಸುವಾಗಿನ ದೊಡ್ಡ ಎಳೆತ ನಿಕಲ್ ಮೇಲೆ ಬೀಳುತ್ತದೆ, ಬೀಡಿನ ಮೇಲಲ್ಲ.

ಒಂದು ಗೇಣು ಅಂದರೆ ಒಂಬತ್ತು ಇಂಚು. ಒಂದು ಪದರಕ್ಕೇ ಒಂಬತ್ತು ಚೂರು, ಪ್ರತಿ ಚೂರಿಗೂ ಕಾಯುವಿಕೆ, ಅಂಥ ಎಷ್ಟೋ ಪದರ. ಒಂದು ಪೂರ್ತಿ ದಿನದ ಕೆಲಸ, ಎರಡು ದಿನವೂ ಆಗಬಹುದು. ಅರ್ಧ ಗಂಟೆಯಲ್ಲಿ ಮುಗಿಸಿಕೊಡುತ್ತೇನೆ ಅನ್ನುವವರಿಗೆ ಕೊಡಬೇಡಿ. ನಿಮ್ಮ ವೆಲ್ಡರ್ ಕೈ ಕೆಟ್ಟದ್ದು ಅಂತ ನನಗೆ ಅನ್ನಿಸುವುದಿಲ್ಲ, ಈ ಪುಟವನ್ನೇ ಅವರಿಗೆ ಓದಿ ಹೇಳಿ, ದಿನದ ಕೂಲಿ ಕೊಟ್ಟು ಅವರಿಂದಲೇ ಮಾಡಿಸಿ.

ಇನ್ನೊಂದು ಮಾತು ಬಾಕಿ ಇದೆ. ಗಾಣದಲ್ಲಿ ಕಬ್ಬು ಸಿಕ್ಕಾಗ ಉರುಳೆಗಳು ಫ್ರೇಮನ್ನು ಆಚೆ ಈಚೆ ತಳ್ಳುತ್ತವೆ, ಆ ಬಲವೆಲ್ಲ ನಿಮ್ಮ ಬಿರುಕು ಇರುವ ಜಾಗದಲ್ಲೇ ಬೀಳುತ್ತದೆ. ಎಷ್ಟು ಚೆನ್ನಾಗಿ ಬೆಸುಗೆ ಹಾಕಿದರೂ ಹೊಸ ಫ್ರೇಮಿನ ಬಲ ಬರುತ್ತದೆ ಅಂತ ನಾನು ಭರವಸೆ ಕೊಡಲಾರೆ. ಬಿರುಕಿಗೆ ಅಡ್ಡವಾಗಿ ದಪ್ಪ ಎಂ.ಎಸ್. ಪಟ್ಟಿ ಕೂರಿಸಿ ಎರಡೂ ಕಡೆ ಬೋಲ್ಟ್ ಹಾಕಿ. ಪಟ್ಟಿಗೂ ಬೆಸುಗೆ ಹಾಕಬೇಡಿ, ಬೋಲ್ಟೇ ಇರಲಿ. ಗಾಣ ನಡೆಯುವಾಗ ತಿಂಗಳಿಗೊಮ್ಮೆ ಎಣ್ಣೆ-ಚಾಕ್ ಪರೀಕ್ಷೆ ಮಾಡಿ. ಬಿರುಕು ಮತ್ತೆ ಕಂಡರೆ ಗಾಣ ನಿಲ್ಲಿಸಿ, ಕಬ್ಬು ಕೊಡುವವರು ಅದರ ಮುಂದೆಯೇ ನಿಂತಿರುತ್ತಾರೆ.

ಪ್ರಶ್ನೆ: ಬೆಳಗಾವಿಯಲ್ಲಿ ನಮ್ಮ ಲೇತ್ ಅಂಗಡಿ ಇದೆ. ಬೀಡಿನ ವಾಲ್ವ್ ಬಾಡಿಗಳು ಬೆಸುಗೆ ಆಗಿ ಮೆಷಿನಿಂಗ್‌ಗೆ ಬರುತ್ತವೆ. ಬೆಸುಗೆಯ ಅಂಚಿಗೆ ಬಂದರೆ ಟೂಲ್ ತುದಿಯೇ ಹಾರಿಹೋಗುತ್ತದೆ, ಡ್ರಿಲ್ ಬಿಟ್ ಹತ್ತುವುದಿಲ್ಲ. ಏನು ಉಪಾಯ?

ಉತ್ತರ: ನಿಮ್ಮ ಟೂಲ್ ಮುರಿಯುತ್ತಿರುವುದೂ ಮೇಲೆ ಹೇಳಿದ ಅದೇ ಗಾಜಿನಂಥ ಪದರಕ್ಕೆ ಸಿಕ್ಕಿ. ನಿಮ್ಮೂರಿನ ಫೌಂಡ್ರಿಗಳವರಿಗೆ ಇದು ಗೊತ್ತು, ಅಚ್ಚಿನ ತೆಳು ಮೂಲೆಯಲ್ಲಿ ಬೀಡು ಬೇಗ ಆರಿದರೆ ‘ಚಿಲ್’ ಆಯಿತು ಅನ್ನುತ್ತಾರಲ್ಲ, ಬೆಸುಗೆಯಲ್ಲೂ ಅದೇ ಆಗಿದೆ. ಬಂದ ಮೇಲೆ ತೆಗೆಯಬೇಕಾದರೆ ಕುಲುಮೆಯಲ್ಲಿ ಸುಮಾರು 900 ಡಿಗ್ರಿಗೆ ಕಾಯಿಸಿ, ಕುಲುಮೆಯಲ್ಲೇ ನಿಧಾನವಾಗಿ ಆರಿಸಬೇಕು, ಆಗ ವಾಲ್ವಿನ ಅಳತೆಯೇ ಬದಲಾಗಬಹುದು. ಬರದ ಹಾಗೆ ನೋಡಿಕೊಳ್ಳುವುದೇ ಮೇಲು. ಮೆಷಿನಿಂಗ್ ಆಗಬೇಕಾದ ಜಾಗಕ್ಕೆ, ಅದರಲ್ಲೂ ತೆಳು ಭಾಗಕ್ಕೆ, ಹೆಚ್ಚುಕಡಿಮೆ ಪೂರ್ತಿ ನಿಕಲ್ ಇರುವ ರಾಡ್ ಹಾಕಿಸಿ, ಅದರ ಮೇಲೆ ಟೂಲ್ ಚೆನ್ನಾಗಿ ಓಡುತ್ತದೆ. ಚಿಕ್ಕ ಬಾಡಿಯನ್ನು ಇಡಿಯಾಗಿ 300 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಬೆಸುಗೆ ಹಾಕಿ, ಒಣ ಮರಳು ಅಥವಾ ಸುಣ್ಣದ ಪುಡಿಯಲ್ಲಿ ಹೂತರೆ ಅಂಚಿನ ಗಟ್ಟಿತನವೂ ತಗ್ಗುತ್ತದೆ. ಶಾಖ ನೋಡಲು, ಗೊತ್ತಾದ ಡಿಗ್ರಿಗೆ ಕರಗುವ ಟೆಂಪರೇಚರ್ ಚಾಕ್ ಸಾಕು.

ಬಂದ ಬಾಡಿ ಸಾದಾ ಬೀಡೋ ಎಸ್‌ಜಿ ಐರನ್ನೋ ಅಂತಲೂ ಕೇಳಿಕೊಳ್ಳಿ. 1943ರಲ್ಲಿ ಅಮೆರಿಕದ ಕೀತ್ ಮಿಲ್ಲಿಸ್ ಕರಗಿದ ಬೀಡಿಗೆ ಮೆಗ್ನೀಸಿಯಂ ಸೇರಿಸಿ ನೋಡಿದಾಗ ಗ್ರಾಫೈಟ್ ಪೊರೆಯಾಗದೆ ದುಂಡು ಗುಂಡುಗಳಾಯಿತು, ಅದೇ ಎಸ್‌ಜಿ ಐರನ್, ಹಾಗಾಗಿ ಅದು ಸ್ವಲ್ಪ ಜಗ್ಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಬೆಸುಗೆ ಹಾಕಿದ ಅಂಚಿನಲ್ಲಿ ಅದೂ ಗಟ್ಟಿಯಾಗುತ್ತದೆ. ಅದಕ್ಕೆ ನಿಕಲ್-ಐರನ್ ರಾಡೇ ಸರಿ. ಸುತ್ತಿಗೆಯಿಂದ ತಟ್ಟಿದರೆ ಎಸ್‌ಜಿ ಗಂಟೆಯ ಹಾಗೆ ನುಡಿಯುತ್ತದೆ, ಸಾದಾ ಬೀಡು ‘ದಬ್’ ಅನ್ನುತ್ತದೆ.

ಮತ್ತೆ, ಮುಚ್ಚಿದ ಅಂಗಡಿಯಲ್ಲಿ ದಿನವಿಡೀ ನಿಕಲ್ ರಾಡ್ ಉರಿಸಬೇಡಿ. ಆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಕ್ಯಾನ್ಸರ್ ತರಬಲ್ಲದು. ಹೊಗೆ ಹೊರಗೆ ಎಳೆಯುವ ಫ್ಯಾನ್, ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ. ಕೆಲಸ ಮಾಡುವ ಹುಡುಗರಿಗೂ ಕೊಡಿ.

ಪ್ರಶ್ನೆ: ತೋಟದ ಡೀಸೆಲ್ ಎಂಜಿನ್ನಿನಲ್ಲಿ ನೀರು ಖಾಲಿಯಾಗಿ ಕೆಂಡದ ಹಾಗೆ ಕಾದಿತ್ತು. ಗಾಬರಿಯಲ್ಲಿ ಬಾವಿ ನೀರು ಸುರಿದೆ. ಈಗ ಬ್ಲಾಕಿನ ಹೊರಮೈಯಲ್ಲಿ ಬಿರುಕು, ನೀರು ಜಿನುಗುತ್ತಿದೆ. ಬೆಸುಗೆ ಹಾಕಿಸಲಾ?

ಉತ್ತರ: ಬೆಸುಗೆ ಇಲ್ಲದೆಯೂ ಬೀಡು ಒಡೆಯುವುದಕ್ಕೆ ನಿಮ್ಮದೇ ಉದಾಹರಣೆ. ಒಂದು ಕಡೆ ತಟ್ಟನೆ ಕುಗ್ಗಿತು, ಉಳಿದ ಕಡೆ ಹಿಗ್ಗಿಕೊಂಡೇ ಇತ್ತು. ಇನ್ನು ಮುಂದೆ ಕಾದ ಎಂಜಿನ್ನು ತಾನಾಗಿ ಆರುವವರೆಗೆ ನೀರು ಹಾಕಬೇಡಿ.

ಬೆಸುಗೆಗೆ ಆತುರ ಬೇಡ. ಬ್ಲಾಕ್ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಬಿಸಿ ತಾಗಿದರೆ ಸಿಲಿಂಡರ್ ಕೂರುವ ಜಾಗ ಸೊಟ್ಟಗಾಗುವ ಭಯ ಇದೆ. ಬಿರುಕು ಹೊರಗಿನ ನೀರಿನ ಗೋಡೆಯಲ್ಲಿ ಮಾತ್ರ ಇದ್ದರೆ ಎರಡು ದಾರಿ. ಚಿಕ್ಕದಾದರೆ ತುದಿಗಳಿಗೆ ತೂತು ಹಾಕಿ, ಉಜ್ಜಿ, ಎಣ್ಣೆ ಅಂಶ ಇಲ್ಲದ ಹಾಗೆ ತೊಳೆದು, ಲೋಹದ ಪುಡಿ ಬೆರೆಸಿದ ಎಪಾಕ್ಸಿ ತುಂಬಿಸಿ. ಅಲ್ಲಿ ನೀರಿನ ಒತ್ತಡ ಕಡಿಮೆ, ಚೆನ್ನಾಗಿ ಹಚ್ಚಿದರೆ ತಡೆಯುತ್ತದೆ. ದೊಡ್ಡದಾದರೆ ಮೆಟಲ್ ಸ್ಟಿಚಿಂಗ್ ಮಾಡುವವರನ್ನು ಹುಡುಕಿ. ಬಿರುಕಿಗೆ ಅಡ್ಡಡ್ಡ ತೂತುಗಳನ್ನು ಕೊರೆದು ಲೋಹದ ಬೀಗಗಳನ್ನು ಬಡಿದು ಕೂರಿಸಿ, ಉದ್ದಕ್ಕೆ ಒಂದಕ್ಕೊಂದು ತಾಗುವ ಹಾಗೆ ಸ್ಕ್ರೂ ತುಂಬುತ್ತಾರೆ. ಬೆಂಕಿಯೇ ಇಲ್ಲ, ಹಾಗಾಗಿ ಹೊಸ ಬಿರುಕಿನ ಭಯವೂ ಇಲ್ಲ. ಬಿರುಕು ಸಿಲಿಂಡರ್ ಕಡೆಗೆ ಹೋಗಿದ್ದರೆ ಮಾತ್ರ ಬ್ಲಾಕ್ ಬದಲಿಸುವ ಲೆಕ್ಕ ಹಾಕಿ.

ಪ್ರಶ್ನೆ: ಅಜ್ಜಿಯ ಕಾಲದ ಬೀಡಿನ ದೋಸೆ ಕಾವಲಿ ಅಂಚಿನಿಂದ ನಡುವಿನವರೆಗೆ ಬಿರುಕು ಬಿಟ್ಟಿದೆ. ಬೆಸುಗೆ ಹಾಕಿಸಬಹುದಾ?

ಉತ್ತರ: ಬೇಡಮ್ಮ. ಅದು ದಿನಾ ಕಾಯುತ್ತದೆ, ದಿನಾ ಆರುತ್ತದೆ, ಅಂಥ ತೆಳು ಬೀಡಿನಲ್ಲಿ ಯಾವ ಬೆಸುಗೆಯೂ ಬಹಳ ದಿನ ನಿಲ್ಲುವುದಿಲ್ಲ. ನಿಕಲ್ ಆಗಲಿ ಹಿತ್ತಾಳೆ ಆಗಲಿ ದೋಸೆಗೆ ತಾಗುವುದೂ ನನಗೆ ಇಷ್ಟವಿಲ್ಲ. ಅದನ್ನು ನೆನಪಿಗೆ ಇಟ್ಟುಕೊಳ್ಳಿ, ದೋಸೆಗೆ ಹೊಸದು ತನ್ನಿ. ಹೊಸದನ್ನು ದೊಡ್ಡ ಉರಿಯಲ್ಲಿ ತಟ್ಟನೆ ಕಾಯಿಸಬೇಡಿ, ಬಿಸಿ ಇರುವಾಗ ನಲ್ಲಿ ಕೆಳಗೆ ಹಿಡಿಯಬೇಡಿ.

ಪ್ರಶ್ನೆ: ಅಮ್ಮನ ಹೊಲಿಗೆ ಮೆಷಿನ್ನಿನ ಬೀಡಿನ ಸ್ಟ್ಯಾಂಡು ಮನೆ ಬದಲಿಸುವಾಗ ಬಿದ್ದು ಕಾಲು ಎರಡು ತುಂಡಾಯಿತು. ಅಮ್ಮ ಅದೇ ಬೇಕು ಅನ್ನುತ್ತಾರೆ. ವೆಲ್ಡಿಂಗ್ ಅಂಗಡಿಯವರು ಆಗಲ್ಲ ಅಂದರು.

ಉತ್ತರ: ಆಗುತ್ತದೆ, ಅಮ್ಮನಿಗೆ ಧೈರ್ಯ ಹೇಳಿ. ಇದಕ್ಕೆ ಕರೆಂಟ್ ಬೆಸುಗೆಗಿಂತ ಹಿತ್ತಾಳೆ ಬೆಸುಗೆ, ಅಂದರೆ ಬ್ರೇಜಿಂಗ್, ಎಷ್ಟೋ ಮೇಲು. ಗ್ಯಾಸ್ ಬೆಸುಗೆ ಮಾಡುವ ಹಳಬರು ಯಾರಾದರೂ ಇದ್ದಾರಾ ವಿಚಾರಿಸಿ. ಹಿತ್ತಾಳೆ ಸುಮಾರು 900 ಡಿಗ್ರಿಗೆ ಕರಗುತ್ತದೆ, ಬೀಡು ಕರಗಲು 1150 ಡಿಗ್ರಿಯಾದರೂ ಬೇಕು. ಬೀಡು ಕರಗುವುದೇ ಇಲ್ಲವಾದ್ದರಿಂದ ಅದರಲ್ಲಿನ ಗ್ರಾಫೈಟ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಅಂಚು ಗಾಜಾಗುವುದಿಲ್ಲ.

ಮುರಿದ ಮುಖ ಎರಡನ್ನೂ ಪೂರ್ತಿ ಉಜ್ಜಿ ಹಾಕಬೇಡಿ. ನಡುವೆ ಸ್ವಲ್ಪ ಮುರಿದ ಹಾಗೇ ಉಳಿಸಿದರೆ ತುಂಡುಗಳು ಮೊದಲಿನ ಜಾಗಕ್ಕೆ ಸರಿಯಾಗಿ ಕೂರುತ್ತವೆ, ಸುತ್ತ ಮಾತ್ರ ವಿ ಮಾಡಿ. ಗ್ರೈಂಡರ್ ಹಿಡಿದಾಗ ಗ್ರಾಫೈಟ್ ಮೈಮೇಲೆಲ್ಲ ಬಳಿದುಕೊಳ್ಳುತ್ತದೆ, ಅದರ ಮೇಲೆ ಹಿತ್ತಾಳೆ ಹತ್ತುವುದಿಲ್ಲ, ಎಲೆಯ ಮೇಲಿನ ನೀರಿನ ಹಾಗೆ ಗುಂಡಾಗಿ ಉರುಳುತ್ತದೆ. ಆಕ್ಸಿಜನ್ ಸ್ವಲ್ಪ ಜಾಸ್ತಿ ಇರುವ ಜ್ವಾಲೆಯನ್ನು ಒಮ್ಮೆ ಆಡಿಸಿ, ಬ್ರಷ್ ಹಾಕಿ, ಆಮೇಲೆ ಫ್ಲಕ್ಸ್, ಅಂದರೆ ಹಿತ್ತಾಳೆ ಹತ್ತಿಕೊಳ್ಳಲು ಹಾಕುವ ಪುಡಿ, ಹಚ್ಚಬೇಕು. ಕಾಲನ್ನು ಇಡಿಯಾಗಿ ಮೆಲ್ಲಗೆ ಕಾಯಿಸಿಕೊಂಡು, ಬೆಸುಗೆ ಮುಗಿದ ಮೇಲೆ ಒಣ ಬೂದಿಯಲ್ಲಿ ಹೂತು ಮಾರನೇ ದಿನ ತೆಗೆಯಲಿ. ಹಳದಿ ಗೆರೆ ಕಾಣುತ್ತದೆ, ಕಪ್ಪು ಎನಾಮಲ್ ಬಣ್ಣ ಎರಡು ಸಲ ಹಚ್ಚಿದರೆ ಮುಚ್ಚಿಹೋಗುತ್ತದೆ. ಬಣ್ಣ ಹಚ್ಚುವ ಮೊದಲು ಫ್ಲಕ್ಸಿನ ಗಾಜಿನಂಥ ಹೊಪ್ಪಳಿಕೆಯನ್ನು ಕೆರೆದು ಬಿಸಿ ನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ. ಸ್ಟ್ಯಾಂಡು ಪೂರ್ತಿ ಆರಿದ ಮೇಲೆ ತೊಳೆಯುವುದು, ಮರೆಯಬೇಡಿ.